ಗುಡ್ಡದ ಬುಡದ ಇಳಿಜಾರು

ಗಾಲ್ಫ್ ಎಂದರೆ ನನಗೆ ಆಗಲೂ ಅಷ್ಟಕ್ಕಷ್ಟೇ, ಈಗಲೂ ಅಷ್ಟಕ್ಕಷ್ಟೇ. ಸಣ್ಣದೊಂದು ಚೆಂಡನ್ನು ಕೋಲಿನಿಂದ ಹೊಡೆದು, ಅರ್ಧ ದಿನ ಅದರ ಹಿಂದೆ ನಡೆದು, ಕೊನೆಗೆ ಒಂದು ಕುಳಿಯಲ್ಲಿ ಕೆಡವಲು ಇಷ್ಟೊಂದು ಜಾಗ ಬೇಕೇ ಎನ್ನುವುದು ಮುಂಬಯಿಯ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ತಾನಾಗಿಯೇ ಬರುವ ಪ್ರಶ್ನೆ. ನನ್ನ ಯಜಮಾನರಂತೂ ಮನೆಗೆ ಬಂದವರಿಗೆಲ್ಲ, ಇವಳು ಶ್ರೀಮಂತರ ಚಿನ್ನಿದಾಂಡಿಗೆ ಗಟಾರ ಕಟ್ಟಲು ಹೊರಟಿದ್ದಾಳೆ ಎಂದು ಹೇಳಿ ನಗುತ್ತಿದ್ದರು. ನಗಲಿ. ನನ್ನ ಕೆಲಸ ಗಟಾರವೇ. ಧಾರವಾಡದಲ್ಲಿ ಸಿವಿಲ್ ಓದಿ, ಮದುವೆಯಾಗಿ ಘಾಟ್ಕೋಪರಿಗೆ ಬಂದ ಮೇಲೆ, ಈ ಊರಿನ ಮಳೆನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಜಾಗ ಇದ್ದದ್ದು ಕಾಂದಿವಲಿಯ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ. ಹಿಂದೆ ಅದು ಕಲ್ಲಿನ ಗಣಿ. ಕಲ್ಲು ಮುಗಿದ ಮೇಲೆ ಸುತ್ತಲಿನ ಹಳೇ ಬಿಲ್ಡಿಂಗುಗಳನ್ನು ಕೆಡವಿದ ಮಣ್ಣು, ಇಟ್ಟಿಗೆ ಚೂರು, ಒಡೆದ ಕಮೋಡು ಎಲ್ಲವನ್ನೂ ಅಲ್ಲಿ ತಂದು ಸುರಿದಿದ್ದರು. ಒಂದು ಕಡೆ ಗುದ್ದಲಿ ಹಾಕಿದರೆ ಕರಿಬಂಡೆ ಟಣ್ ಎನ್ನುತ್ತಿತ್ತು, ಸ್ವಲ್ಪ ಆಚೆ ಹಾಕಿದರೆ ಯಾರದೋ ಬಾತ್‌ರೂಮಿನ ಟೈಲ್ಸ್ ಏಳುತ್ತಿದ್ದವು. ಮಳೆಗಾಲದಲ್ಲಿ ಗುಡ್ಡದ ನೀರೆಲ್ಲ ಇದೇ ತಗ್ಗಿಗೆ ಧುಮುಕುತ್ತಿತ್ತು. ಇಂಥ ಜಾಗದಲ್ಲಿ ಹುಲ್ಲು ಬೆಳೆಸಿ ಗಾಲ್ಫ್ ಮೈದಾನ ಮಾಡಬಹುದು ಎಂದು ಮಾಲೀಕರ ಕಿವಿಯಲ್ಲಿ ಯಾರು ಊದಿದರೋ, ಆ ಪುಣ್ಯಾತ್ಮರನ್ನು ನಾನು ಕಡೆಯವರೆಗೂ ನೋಡಲಿಲ್ಲ.

ಮೈದಾನದ ವಿನ್ಯಾಸಕರು ಇಬ್ಬರು, ಅಪ್ಪ ಮತ್ತು ಮಗಳು. ಅಪ್ಪನಿಗೆ ಎಪ್ಪತ್ತು ದಾಟಿತ್ತು. ಮೂಲ ಮೈಸೂರಿನವರು, ವಿಲೆ ಪಾರ್ಲೆಯಲ್ಲಿ ಮನೆ, ಜೀವನವಿಡೀ ಮಾಡಿದ್ದು ಗಾಲ್ಫ್ ಮೈದಾನಗಳನ್ನೇ. ಮಗಳಿಗೆ ಮೂವತ್ತೈದರ ಆಚೀಚೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ನಡುನಡುವೆ ಹಿಂದಿ, ಇಂಗ್ಲಿಷ್ ಸೇರಿಸಿ ಹೇಗೋ ದಡ ಮುಟ್ಟಿಸುತ್ತಿದ್ದಳು. ನಾನು ಕನ್ನಡದವಳೆಂದು ತಿಳಿದ ದಿನವೇ ಅಪ್ಪ ‘ಮೇಡಂ’ ಬಿಟ್ಟು ‘ಅಮ್ಮಾ’ ಎನ್ನತೊಡಗಿದರು. ಅವಳಿಗೆ ನಾನು ಆಂಟಿಯಾದೆ.

ಮೊದಲ ಕೆಲವು ವಾರ ಅಪ್ಪ ಒಂದು ಗೆರೆಯನ್ನೂ ಎಳೆಯಲಿಲ್ಲ. ಬೆಳಿಗ್ಗೆ ಬರುವುದು, ಮಡಿಚಿದ ಕೊಡೆಯನ್ನು ಊರಿಕೊಂಡು ಕಲ್ಲುಮಣ್ಣಿನ ಮೇಲೆ ಸುಮ್ಮನೆ ಅಡ್ಡಾಡುವುದು, ಅಲ್ಲಲ್ಲಿ ನಿಂತು ಗುಡ್ಡವನ್ನು ನೋಡುವುದು, ಊಟದ ಹೊತ್ತಿಗೆ ಮನೆಗೆ ಹೋಗುವುದು. ನಾನು ಮೆಟ್ರೊ, ಲೋಕಲ್ ರೈಲು, ರಿಕ್ಷಾ ಮೂರನ್ನೂ ಹಿಡಿದು ಬೆವರಿ ಬಂದು ನಕ್ಷೆ ಕೇಳಿದರೆ, ನೆಲ ಇನ್ನೂ ಮಾತಾಡಿಲ್ಲಮ್ಮ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಕ್ಷೆ ಬಂದ ಮೇಲೂ ನಮ್ಮದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆಯೇ ನಡೆಯಿತು. ನನಗೆ ಬೇಕಾದದ್ದು ಗುಡ್ಡದ ನೀರನ್ನು ಹಿಡಿದು ಹೊರಗೆ ಕಳಿಸುವ ನೇರವಾದ ಕಾಲುವೆ. ಅವರಿಗೆ ಬೇಕಾದದ್ದು ಕಣ್ಣಿಗೇ ಬೀಳದ ಕಾಲುವೆ. ಜಗಳವಾಡುತ್ತಾ ಆಡುತ್ತಾ, ಅವರ ಮಾತಿನಲ್ಲೂ ಹುರುಳಿದೆ ಎಂದು ನನಗೆ ಅನ್ನಿಸತೊಡಗಿತು. ಅದನ್ನು ಅವರಿಗೆ ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳವಿರುತ್ತದಲ್ಲ, ಅದಕ್ಕೆ ಗ್ರೀನ್ ಎನ್ನುತ್ತಾರೆ. ನೋಡಲು ಸಪಾಟು, ನಿಜಕ್ಕೂ ಸಪಾಟಲ್ಲ. ಚೆಂಡಿಗೂ ನೀರಿಗೂ ಬೇಕಾದಷ್ಟೇ ಇಳಿಜಾರನ್ನು ಅದರಲ್ಲಿ ಅಡಗಿಸಿರುತ್ತಾರೆ. ಅದನ್ನು ಅಪ್ಪ ಯಂತ್ರದಿಂದ ಅಳೆಯುತ್ತಿರಲಿಲ್ಲ. ಮಣ್ಣು ತಳ್ಳುವ ಡೋಜರಿನ ಆಪರೇಟರಿಗೆ ಕೈಸನ್ನೆ ಮಾಡುತ್ತಾ, ಕಣ್ಣಳತೆಯಲ್ಲೇ ಮಣ್ಣನ್ನು ಏರಿಸಿ ಇಳಿಸುತ್ತಿದ್ದರು. ಗುಡ್ಡದ ಹತ್ತಿರ ಇದು ಇನ್ನೂ ಕಷ್ಟ ಎಂದು ಒಂದು ದಿನ ನನಗೆ ಪಾಠವನ್ನೂ ಮಾಡಿದರು. ಬೆನ್ನಿಗೆ ದೊಡ್ಡ ಗುಡ್ಡವಿದ್ದರೆ ಸಪಾಟು ನೆಲವೂ ಗುಡ್ಡದ ಕಡೆಗೇ ಇಳಿದಂತೆ ಕಾಣುತ್ತದಂತೆ. ಅದನ್ನು ನಂಬಿ ಸರಿಮಾಡಲು ಹೋದವನು ನೆಲವನ್ನು ವಿಪರೀತ ಹೊರಕ್ಕೆ ಬಾಗಿಸಿಬಿಡುತ್ತಾನೆ. ಆದ್ದರಿಂದ ಪಳಗಿದವನು ಕಣ್ಣು ಹೇಳಿದ್ದರಲ್ಲಿ ಒಂದಿಷ್ಟನ್ನು ಕಳೆದೇ ಕೆಲಸ ಮಾಡಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೆ, ಹತ್ತಿರದ ಬೆಟ್ಟವೂ ಹೀಗೆ ಮೋಸ ಮಾಡುತ್ತದೆಂದು ಅವತ್ತು ತಿಳಿಯಿತು.

ಅವರ ಒಂದು ಗುಣವನ್ನು ಮಾತ್ರ ನನಗೆ ಸಹಿಸಲಾಗುತ್ತಿರಲಿಲ್ಲ. ಮಗಳು ಏನು ಮಾಡಿದರೂ ಬೈಗುಳ. ಗ್ರೀನಿನ ಗುರುತಿಗೆಂದು ಅವಳು ನೆಟ್ಟ ಬಾವುಟವನ್ನು ಆಪರೇಟರ್, ಕೂಲಿಯವರ ಎದುರಿಗೇ ಕಿತ್ತು ಬೇರೆ ಕಡೆ ನೆಡುತ್ತಿದ್ದರು. ನಿನ್ನ ಕೈ ಕಾಗದದ ಮೇಲೆ ಮಾತ್ರ ಓಡುತ್ತದೆ, ನೆಲ ನೋಡುವ ಕಣ್ಣು ನಿನಗಿಲ್ಲ ಎನ್ನುತ್ತಿದ್ದರು. ಇಷ್ಟು ವರ್ಷ ಜೊತೆಗೆ ದುಡಿದ ಮಗಳಿಗೆ ಅವರು ಒಂದೇ ಒಂದು ಗ್ರೀನನ್ನೂ ಪೂರ್ತಿಯಾಗಿ ಬಿಟ್ಟುಕೊಟ್ಟಿರಲಿಲ್ಲ. ಅವಳು ಎದುರಾಡದೆ, ಅವರು ಬಾವುಟ ನೆಟ್ಟ ಜಾಗವನ್ನೇ ಬಹಳ ಹೊತ್ತು ನೋಡುತ್ತಾ ನಿಂತಿರುತ್ತಿದ್ದಳು. ನಮ್ಮ ಕಡೆಯ ಹೆಣ್ಣಾಗಿದ್ದರೆ ಅವತ್ತೇ ಒಂದು ಉತ್ತರ ಕೊಟ್ಟಿರುತ್ತಿದ್ದಳು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಗುಡ್ಡಕ್ಕೆ ತೀರ ಹತ್ತಿರದ ಗ್ರೀನಿನ ಮಣ್ಣುಕೆಲಸ ಮುಗಿದ ದಿನ, ಅಪ್ಪ ಊಟಕ್ಕೆ ಹೊರಟುಹೋದ ಮೇಲೆ, ಅದರಡಿ ಹೂಳಬೇಕಾದ ನನ್ನ ಕೊಳವೆಗಳ ಸಲುವಾಗಿ ನಾನು ಅಲ್ಲಿ ನೆಲದ ಏರುತಗ್ಗು ಅಳೆಯುವ ಲೆವೆಲ್ ಯಂತ್ರವನ್ನು ನಿಲ್ಲಿಸಿದೆ. ನೆಲ ಗುಡ್ಡದ ಕಡೆಗೇ ಇಳಿದಿತ್ತು. ಯಂತ್ರವೇ ಕೆಟ್ಟಿರಬೇಕೆಂದು ಜಾಗ ಬದಲಿಸಿ ನೋಡಿದೆ. ಅದೇ ಉತ್ತರ. ಈ ಗ್ರೀನಿನ ಮೇಲೆ ಬಿದ್ದ ಮಳೆ ಹೊರಗೆ ಹೋಗದೆ ಗುಡ್ಡದ ಬದಿಯಲ್ಲೇ ನಿಂತು, ಹುಲ್ಲನ್ನು ಕೊಳೆಸುವುದು ಖಾತ್ರಿಯಿತ್ತು. ಮಗಳನ್ನು ಕರೆದು ತೋರಿಸಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು.

ಅಪ್ಪನ ಎರಡೂ ಕಣ್ಣುಗಳ ನಡುಭಾಗ ಮಸುಕಾಗುತ್ತಾ ಬಂದಿತ್ತು. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಚಹಾ ಕಪ್ಪಿನ ಹೊರಗೆ ಬೀಳುವುದನ್ನು, ಮೆಟ್ಟಿಲನ್ನು ಅವರು ಕಾಲಿನಿಂದ ಹುಡುಕುವುದನ್ನು ನೋಡಿ ಅವಳೇ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದಳು. ಗ್ರೀನು ತಪ್ಪಿದ್ದು ಹೇಗೆಂದೂ ಅವಳು ಬಿಡಿಸಿ ಹೇಳಿದಳು. ಗುಡ್ಡ ಅವರಿಗೆ ಈಗ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಕಾಣದ ಗುಡ್ಡ ಕಣ್ಣಿಗೆ ಮೋಸ ಮಾಡುವುದಾದರೂ ಹೇಗೆ? ಆದರೂ ಅವರು ಹಳೆಯ ಅಭ್ಯಾಸದಂತೆ ಆ ಮೋಸದ ಪಾಲನ್ನು ಕಳೆಯುತ್ತಲೇ ಇದ್ದರು, ಅಷ್ಟರ ಮಟ್ಟಿಗೆ ನೆಲ ಗುಡ್ಡದ ಕಡೆಗೆ ವಾಲಿತ್ತು. ಹೊಸಬನೊಬ್ಬ ಈ ತಪ್ಪು ಮಾಡುತ್ತಿರಲಿಲ್ಲ. ಅಷ್ಟೊಂದು ಕಲಿತವರು ಮಾತ್ರ ಮಾಡಬಹುದಾದ ತಪ್ಪು ಅದು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಒಂದು ಉಪಾಯವನ್ನು ಅವಳು ಆಗಲೇ ಹೂಡಿದ್ದಳು. ಅಪ್ಪ ಬೆಳಿಗ್ಗೆ ಮಾಡಿಸಿದ್ದನ್ನು ಮಧ್ಯಾಹ್ನ ಅವರು ಹೋದ ಮೇಲೆ ನಾವಿಬ್ಬರೂ ಅಳೆದು, ಅವಳು ಡೋಜರ್ ಹಚ್ಚಿ ತಿದ್ದುವುದು. ನಾನು ಒಪ್ಪಿದೆ, ನೀರು ನಿಂತರೆ ಕೇಳುವುದು ನನ್ನನ್ನೇ ತಾನೆ. ಆದರೆ ಆ ಮಧ್ಯಾಹ್ನಗಳಲ್ಲಿ ನಾನು ಕಂಡದ್ದೇ ಬೇರೆ. ನಾನು ಹೇಳಿದ ಅಂಕಿಗಳನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು, ಆಮೇಲೆ ಉರಿಬಿಸಿಲಲ್ಲಿ ಮಣ್ಣಿಗೆ ಕೆನ್ನೆ ತಾಗುವಷ್ಟು ಬಗ್ಗಿ ನೋಡುತ್ತಿದ್ದಳು. ಎದ್ದು ಬಂದು ಆಪರೇಟರಿಗೆ ಅಂಗೈಯಲ್ಲಿ ಒಂದು ಸಣ್ಣ ತಿರುವನ್ನು ತೋರಿಸುತ್ತಿದ್ದಳು. ಯಂತ್ರವಿಟ್ಟು ಅಳೆದರೆ ನೀರಿನ ಲೆಕ್ಕಕ್ಕೆ ಅದು ಸರಿಯಾಗಿರುತ್ತಿತ್ತು, ಕಣ್ಣಿಗೂ ಚೆಂದವಿರುತ್ತಿತ್ತು. ಗಾಲ್ಫಿನ ಗಂಧಗಾಳಿ ಇಲ್ಲದ ನನಗೂ ಆ ಚೆಂದ ಕಾಣುತ್ತಿತ್ತು. ಒಂದೊಂದಾಗಿ ಎಲ್ಲ ಗ್ರೀನುಗಳೂ ಹೀಗೆ ಅವಳ ಕೈಯಿಂದ ಹೊಸದಾಗಿ ಆದವು.

ಮರುದಿನ ಬೆಳಿಗ್ಗೆ ಅಪ್ಪ ಬಂದು, ಕೊಡೆಯೂರಿ ನಿಂತು, ಅವನ್ನು ತಮ್ಮವೆಂದೇ ಮೆಚ್ಚಿಕೊಳ್ಳುತ್ತಿದ್ದರು. ಒಂದು ದಿನವಂತೂ ನನ್ನ ಎದುರಿಗೇ ಅವಳನ್ನು ಕರೆದು, ವಯಸ್ಸಾದರೂ ತಮ್ಮ ಕೈ ಸುಳ್ಳು ಹೇಳುವುದಿಲ್ಲವೆಂದು ತೋರಿಸಿ, “ನೋಡಿ ಕಲಿ” ಎಂದರು. ಅವಳು ಮಾಡಿದ್ದನ್ನು ನೋಡಿ ಅವಳೇ ಕಲಿಯಬೇಕಂತೆ. ಅವಳು ಹೂಂ ಎಂದಳು. ಅವಳ ಕಿವಿ ಕೆಂಪಾಗಿತ್ತು.

ಅವತ್ತು ಸ್ಟೇಷನ್ನಿಗೆ ಹೋಗುವ ರಿಕ್ಷಾದಲ್ಲಿ ನನಗೆ ತಡೆಯಲಾಗಲಿಲ್ಲ. ಅಪ್ಪನಿಗೆ ಹೇಳಿಬಿಡು, ನಿನಗೆ ಆಗದಿದ್ದರೆ ನಾನೇ ಹೇಳುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

“ಬೇಡ ಆಂಟಿ. ಇದು ಅಪ್ಪಂದು ಲಾಸ್ಟ್ ಕೋರ್ಸ್. ಉನ್ಕಾ ಹೀ ರಹನೇ ದೋ, ಅವರದೇ ಆಗಿರ್ಲಿ.”

ನನ್ನ ಕೋಪ ಇಳಿಯಲಿಲ್ಲ. ಆ ಮನುಷ್ಯ ಒಂದೇ ಒಂದು ಸಲ ಮಗಳ ಕೆಲಸವನ್ನು ಮಗಳದೆಂದು ತಿಳಿದು, ಚೆನ್ನಾಗಿದೆ ಎನ್ನಬೇಕು. ನನಗೆ ಬೇಕಾಗಿದ್ದುದು ಅಷ್ಟೇ. ಬೇಡ ಎಂದು ಬಾಯಲ್ಲಿ ಹೇಳಿದರೂ ಅವಳು ಕಾಯುತ್ತಿದ್ದುದೂ ಅದನ್ನೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಲ್ಲು ನೆಟ್ಟು ಒಂದಿಷ್ಟು ದಿನವಾದ ಮೇಲೆ ಮೊದಲ ದೊಡ್ಡ ಮಳೆ ಬಂತು. ಲೋಕಲ್‌ಗಳು ತೆವಳುತ್ತಿದ್ದವು. ಆದರೂ ಅಪ್ಪ ಎಲ್ಲರನ್ನೂ ಬರಹೇಳಿದ್ದರು. ಯಾವ ಮೈದಾನವೇ ಆಗಲಿ, ಮೊದಲ ಮಳೆಯಲ್ಲಿ ಅದರ ಮೇಲೆ ನಿಂತು ನೋಡುವುದು ಅವರ ಪದ್ಧತಿ. ನಾನು ಹೋಗಿ ಮುಟ್ಟುವ ಹೊತ್ತಿಗೆ ಗುಡ್ಡದಿಂದ ನೀರು ಕೆಂಪಗೆ ಇಳಿಯುತ್ತಿತ್ತು. ನನ್ನ ಕಾಲುವೆ ಅಷ್ಟನ್ನೂ ನುಂಗಿಕೊಂಡು ಸದ್ದಿಲ್ಲದೆ ಸಾಗಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬಹಳ ಹೆಮ್ಮೆಯಾಯಿತು.

ಗುಡ್ಡದ ಬುಡದ ಗ್ರೀನಿನ ಹತ್ತಿರ ಬಂದಾಗ ಅಪ್ಪ ಗಮ್‌ಬೂಟು ಕಳಚಿದರು. ಪಕ್ಕದಲ್ಲಿದ್ದ ಮಗಳು ಗಟ್ಟಿಯಾಗಿ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಅವರು ಬರಿಗಾಲಲ್ಲಿ ಗ್ರೀನಿನ ಮೇಲೆ ನಿಂತರು, ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತರು. ಪಾದಗಳ ಮೇಲೆ ಹಾದ ನೀರು ಗುಡ್ಡಕ್ಕೆ ಬೆನ್ನು ಹಾಕಿ ಹೊರಕ್ಕೆ ಹೋಗುತ್ತಿತ್ತು. ಅವರು ನನ್ನ ಕಡೆ ತಿರುಗಿದರು.

“ಇಲ್ಲಿ ಮುಂದುಗಡೆ ನಾನೊಂದು ಏರು ಇಟ್ಟಿದ್ದೆ. ಕಾಲಿಗೆ ಸಿಕ್ತಾನೇ ಇಲ್ಲ. ನೀವು ಮುಖ ನೋಡಿ ಮಾತಾಡೋರಲ್ಲಮ್ಮ. ಯಾರು ತೆಗೆದದ್ದು, ಹೇಳಿ.”

ನಾನು ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು.

“ನಿಮ್ಮ ಮಗಳು ತೆಗಸ್ಯಾಳ್ರಿ ಸರ. ಇದೊಂದ ಅಲ್ಲ, ಎಲ್ಲಾ ಗ್ರೀನೂ ಆಕೀನ ತಿದ್ಯಾಳ. ನಿಮ್ಮ ಕಣ್ಣಿನ ಸಂಗತಿ ಆಕಿಗೆ ಗೊತ್ತೈತ್ರಿ.”

ತಾವು ಮಾಡಿದಂತೆಯೇ ಬಿಟ್ಟಿದ್ದರೆ ನೀರು ನಿಲ್ಲುತ್ತಿತ್ತೇ ಎಂದಷ್ಟೇ ಅವರು ಕೇಳಿದರು. ನಿಲ್ಲುತ್ತಿತ್ತು ಎಂದೆ. ಕೊಡೆ ಇದ್ದೂ ಅವರು ಪೂರ್ತಿ ತೊಯ್ದಿದ್ದರು. ಸಿಟ್ಟಾಗುತ್ತಾರೆ, ಮಗಳ ಮೇಲೆ ಹರಿಹಾಯುತ್ತಾರೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ಅವಳ ಕಡೆ ತಿರುಗಿ, ಮೆಲ್ಲಗೆ, “ಚೆನ್ನಾಗಿ ಮಾಡಿದ್ದೀಯ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಕೆಲಸ ಗೆದ್ದಿತು ಎಂದುಕೊಂಡೆ. ಅವಳು ನನ್ನನ್ನು ನೋಡಿ ಚಿಕ್ಕ ಮಗುವಿನ ಹಾಗೆ ನಕ್ಕಳು.

ಉಳಿದವನ್ನೂ ನೋಡೋಣ ಎಂದು ಅವರೇ ಹೊರಟರು. ಒಂದೊಂದರ ಮೇಲೂ ನಿಂತು, ಕೇಳಿ, ಚೆನ್ನಾಗಿದೆ ಎನ್ನುತ್ತಾ ಹೋದರು. ಅವಳು ಎಲ್ಲಿ ಏನನ್ನು ಯಾಕೆ ಬದಲಿಸಿದೆನೆಂದು ಉತ್ಸಾಹದಿಂದ ಹೇಳುತ್ತಿದ್ದಳು. ಕೊನೆಯ ಗ್ರೀನು ಗಣಿಯ ಹಳೇ ಹೊಂಡದ ಅಂಚಿನಲ್ಲಿತ್ತು. ಹುಲ್ಲಿನ ಲಾರಿ ಬಂದು ನಿಂತಿತ್ತೆಂದು ಅದರ ಒಂದು ಮೂಲೆಯನ್ನು ಅವಳು ಅವಸರದಲ್ಲಿ ಮುಗಿಸಿದ್ದಳು. ಈಗ ಆ ಮೂಲೆಯಲ್ಲಿ ನೀರು ಒಟ್ಟಾಗಿ, ಪಕ್ಕದಲ್ಲಿ ಚೆಂಡಿಗೆ ಅಡ್ಡಿಯಾಗಲೆಂದೇ ತೋಡಿದ್ದ ಮರಳುಗುಂಡಿಯ ದಡವನ್ನು ಕೊರೆದು, ಮರಳನ್ನೆಲ್ಲ ಹೊಸ ಹುಲ್ಲಿನ ಮೇಲೆ ಹರಡುತ್ತಿತ್ತು. ದೂರದಿಂದಲೇ ಎದ್ದು ಕಾಣುವ ತಪ್ಪು. ಅವಳು ಮಾತು ನಿಲ್ಲಿಸಿದಳು. ತಲೆ ತಗ್ಗಿಸಿ, ಭುಜಗಳನ್ನು ತುಸು ಮೇಲೆತ್ತಿ, ಬೈಗುಳಕ್ಕೆ ಸಿದ್ಧಳಾಗಿ ನಿಂತಳು.

ಅಪ್ಪ ಆ ಮೂಲೆಯ ಕಡೆಗೇ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. “ಇದೂ ಚೆನ್ನಾಗಿದೆ” ಎಂದರು. ಗಮ್‌ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ಕೊಡೆಯಿಂದ ದಾರಿಯನ್ನು ತಡವುತ್ತಾ ಜೀಪಿನ ಕಡೆ ನಡೆದರು.

ಅವಳು ತಲೆಯೆತ್ತಲಿಲ್ಲ. ನಾನು ಹತ್ತಿರ ಹೋಗಿ ನನ್ನ ಕೊಡೆಯನ್ನು ಅವಳ ಮೇಲೂ ಹಿಡಿದೆ. ಮಳೆಯಲ್ಲಿ ಅಳು ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ.

“ಅಪ್ಪ ಬೈಲೇ ಇಲ್ಲ ಆಂಟಿ,” ಎಂದಳು. “ಇನ್ಮೇಲೆ ನನ್ನ ಮಿಸ್ಟೇಕ್ ಯಾರು ಹೇಳ್ತಾರೆ?”

ಮರಳು ಹುಲ್ಲಿನ ಮೇಲೆ ಹರಡುತ್ತಲೇ ಇತ್ತು.