ಕೈ ಎತ್ತಿಸಿದ ಭಾಷಣ

ಹೈದರಾಬಾದಿನ ಹಿಮಾಯತ್‌ನಗರದ ಲಗ್ನಪತ್ರಿಕೆ ಅಂಗಡಿಯಲ್ಲಿ ಅಕ್ಷರ ಜೋಡಿಸುವ ಅಂಬಾದಾಸನಿಗೆ ಬರೆಯುವ ಕೈ ಕೊಟ್ಟ ದೇವರು ಮಾತಾಡುವ ಬಾಯಿ ಕೊಡಲಿಲ್ಲ. ವೇದಿಕೆ ಹತ್ತಿದರೆ ಸಾಕು, ನಾಲಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ಹಾಗಂತ ಸುಮ್ಮನಿರುವ ಆಸಾಮಿಯಲ್ಲ. ಕನ್ನಡ ಸಂಘದಲ್ಲಿ ಬೀಳ್ಕೊಡುಗೆಯಿರಲಿ, ರಾಜ್ಯೋತ್ಸವವಿರಲಿ, ಅಧ್ಯಕ್ಷ ಹನುಮಂತರಾಯರು ಗುಡುಗುತ್ತಿದ್ದದ್ದೆಲ್ಲ ಇವನು ಬರೆದುಕೊಟ್ಟದ್ದೇ. ಹೆಸರು ಅವರದ್ದು, ದುಡಿಮೆ ಇವನದ್ದು. ಇರಲಿ ಬಿಡಿ, ಅದಕ್ಕೆ ಅವನಿಗೆ ಬೇಜಾರಿರಲಿಲ್ಲ.

ಬೇಜಾರಾದದ್ದು ಸಂಘದ ಹಿಂದಿನ ಕೋಣೆಯ ಸುದ್ದಿ ಕೇಳಿದಾಗ. ಪ್ರತಿ ಭಾನುವಾರ ಅಲ್ಲಿ ಕೂಲಿಯವರ ಮಕ್ಕಳಿಗೆ ಅವನು ಕನ್ನಡ ಕಲಿಸುತ್ತಿದ್ದ. ಅದನ್ನು ಕೆಡವಿ, ಮದುವೆಗೆ ಬಾಡಿಗೆ ಕೊಡುವ ಹಾಲಿಗೆ ಅಡುಗೆಮನೆ ಕಟ್ಟಬೇಕೆಂದು ಕೆಲವರು ಹೊರಟಿದ್ದರು. ಸದಸ್ಯರ ಸಭೆಯಲ್ಲಿ ಕೈ ಎತ್ತಿ ತೀರ್ಮಾನ.

"ನೀ ಚಿಂತಿ ಮಾಡಬ್ಯಾಡೋ ತಮ್ಮಾ," ಅಂದರು ಹನುಮಂತರಾಯರು. "ಕೋಣಿ ಉಳಸೂದು ನನ್ನ ಜವಾಬ್ದಾರಿ. ನೀ ಬರದು ಕೊಡು, ಮಂದಿ ಅಳಬೇಕು ನೋಡು."

ಅಂಬಾದಾಸ ತನ್ನ ಕರುಳನ್ನೇ ಬಗೆದು ಬರೆದ. ಅವ್ವ ಗಂಗೂಬಾಯಿ ಯಾದಗಿರಿ ಕಡೆಯಿಂದ ಬಂದು ಕೊಂಡಾಪುರದ ಕಟ್ಟಡಗಳಿಗೆ ಸಿಮೆಂಟು ಹೊತ್ತವಳು. ಮಗ ಇಲ್ಲಿ ಬಾಳಬೇಕಲ್ಲ ಎಂದು ಅವನೊಂದಿಗೆ ತೆಲುಗೇ ಆಡಿದಳು. ಸಾಯಲು ಮಲಗಿದ್ದ ಅಜ್ಜಿಯನ್ನು ನೋಡಲು ಊರಿಗೆ ಹೋದಾಗ, ಅಜ್ಜಿ ಕೇಳಿದ್ದೊಂದೂ ಹುಡುಗನಿಗೆ ತಿಳಿಯದೆ ಪಿಳಿಪಿಳಿ ನೋಡಿದ. ಮುದುಕಿ ಮಗಳ ಕಡೆ ತಿರುಗಿ, "ನನ್ನ ಮೊಮ್ಮಗನ್ನ ಅಲ್ಲೇ ಬಿಟ್ಟು ಬಂದಿಯೇನವ್ವಾ?" ಅಂದಳು. ಮಣ್ಣು ಮಾಡಿ ಹೈದರಾಬಾದಿಗೆ ಮರಳಿದ್ದೇ ತಡ, ಅವ್ವ ಅವನನ್ನು ಎಳೆದು ತಂದು ಕೂರಿಸಿದ್ದು ಆ ಕೋಣೆಯಲ್ಲೇ.

ಇದನ್ನೆಲ್ಲ ಬರೆದದ್ದಷ್ಟೇ ಅಲ್ಲ, ಹನುಮಂತರಾಯರಿಗೆ ಗುಟ್ಟನ್ನೂ ಹೇಳಿಕೊಟ್ಟ. "ಮೊದಲ ಅಜ್ಜಿ ಮಾತು ಹೇಳ್ರಿ. ಆಮ್ಯಾಲ ಒಂದು ಗಳಿಗಿ ಸುಮ್ಮನ ನಿಂದ್ರಿ. ಚಪ್ಪಾಳಿ ನಿಲ್ಲೂದ್ರಾಗ ಕೈ ಎತ್ತಸ್ರಿ. ಮಂದಿಗೆ ವಿಚಾರ ಮಾಡಾಕ ಪುರಸೊತ್ತು ಕೊಡಬ್ಯಾಡ್ರಿ."

ಸಭೆಯ ದಿನ ಅವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕುಂತ. ಹನುಮಂತರಾಯರು ಅಜ್ಜಿಯ ಮಾತು ಹೇಳಿ ಸುಮ್ಮನೆ ನಿಂತರು. ಹಾಲಿಗೆ ಹಾಲೇ ಮೂಗು ಒರೆಸಿಕೊಂಡಿತು. ಅಬ್ಬಾ, ಗೆದ್ದೆವು ಅಂದುಕೊಂಡ ಅಂಬಾದಾಸ.

"ಇಂಥ ತಾಯಂದಿರ ಮಕ್ಕಳು ಆ ಕತ್ತಲ ಕೋಣ್ಯಾಗ ಕೂಡಬೇಕೇನ್ರಿ?" ಹನುಮಂತರಾಯರ ದನಿ ಏರಿತು. "ಕೆಡವೋಣ್ರಿ ಅದನ್ನ! ಅಡಿಗಿಮನಿ ಆಗಲಿ, ಬಾಡಗಿ ಬರಲಿ, ಮುಂದೊಂದಿನ ದೊಡ್ಡ ಸಾಲೀನ ಕಟ್ಟೋಣು! ಒಪ್ಪಿದವರು ಕೈ ಎತ್ರಿ!"

ಈ ಮಾತು ಅಂಬಾದಾಸ ಬರೆದದ್ದಲ್ಲ. ಮುಂದೊಂದಿನವಂತೆ! ಆ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ ಎಂಬುದು ಹೇಳಿದವರಿಗೂ ಗೊತ್ತಿತ್ತು. ಎದ್ದು ಕೂಗಬೇಕೆಂದು ನೋಡಿದ. ಹಾಳಾದ ನಾಲಗೆ ಹೊರಳಲಿಲ್ಲ. ಚಪ್ಪಾಳೆ ಇನ್ನೂ ಬೀಳುತ್ತಿತ್ತು, ಕೈಗಳು ಏಳುತ್ತಿದ್ದವು, ಎಲ್ಲ ಅವನೇ ಹೇಳಿಕೊಟ್ಟ ಹಾಗೆ. ಮೋಸ! ಹಾಡುಹಗಲೇ, ಅವನ ಅಜ್ಜಿಯನ್ನೇ ಮುಂದೆ ಮಾಡಿಕೊಂಡು ಎಸಗಿದ ಮೋಸ.

ಪಕ್ಕಕ್ಕೆ ತಿರುಗಿದ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವ್ವನೂ ಕೈ ಎತ್ತಿದ್ದಳು.

"ನೀನೂ ಎತ್ತೋ ಅಂಬಾ," ಅಂದಳು. "ನಮ್ಮವ್ವನ ಮಾತು ಎಷ್ಟು ಛಲೋ ಹೇಳಿದ್ರು! ಇಲ್ಲ ಅನ್ನಾಕ ಮನಸ್ಸರ ಹ್ಯಾಂಗ ಬರತೈತಿ?"