ಜರ್ಮನ್ ಪಾತೇಲಿಗೆ ಕಲಾಯಿ

ನಾನು ಶಿಕ್ಷಕಿಯಾದ ಮೊದಲ ವರ್ಷ ಎಂಟನೇ ತರಗತಿಯಲ್ಲಿ ಒಂದು ತಪ್ಪು ಉತ್ತರ ಕೊಟ್ಟೆ. ಮೋಸ ಮಾಡುವ ಉದ್ದೇಶ ಇರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೆ.

ಮೂಡಲಗಿಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಗೋಕಾಕಕ್ಕೆ ಬಂದಿದ್ದೆ. ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಕೊಣ್ಣೂರಿನ ಕಬ್ಬಿನ ಹೊಲಗಳನ್ನು ಹಾಯ್ದು ಹೋಗುವ ಬಸ್ಸಿನಲ್ಲಿ ಕೂತು ಅಂದಂದಿನ ಪಾಠ ಓದಿಕೊಳ್ಳುತ್ತಿದ್ದೆ. ಪುಸ್ತಕದಲ್ಲಿ ಇರುವುದನ್ನು ಯಾರು ಹೇಗೆ ಕೇಳಿದರೂ ಹೇಳಬಲ್ಲೆ ಎಂಬ ಧೈರ್ಯವಿತ್ತು.

ಆ ದಿನ ಲೋಹಗಳ ಪಾಠ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ, ಅದಕ್ಕೇ ಒಳಮೈಗೆ ತವರದ ತೆಳು ಲೇಪ ಕೊಡುತ್ತಾರೆ, ಅದೇ ಕಲಾಯಿ ಎಂದು ಹೇಳುತ್ತಿದ್ದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನಮ್ಮಜ್ಜ ಕಲಾಯಿ ಮಾಡ್ತಾನ್ರಿ. ಕಾದ ಪಾತ್ರಿಗೆ ಮೊದಲ ಒಂದ್ ಬಿಳಿ ಪುಡಿ ಹಾಕ್ತಾನ, ಭುಸ್ಸಂತ ಹೊಗಿ ಬರತೈತಿ. ಆಮ್ಯಾಲ ತವರ ಹಿಡಿತೈತಿ. ಆ ಪುಡಿ ಏನ್ರಿ?"

"ಅಡಿಗಿ ಸೋಡಾ," ಎಂದುಬಿಟ್ಟೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮರುದಿನ ಗಂಟೆ ಬಾರಿಸುವ ಮೊದಲೇ ಕಾಗದದ ಒಂದು ಪೊಟ್ಟಣ ಹಿಡಿದು ಬಂದಳು. "ಅಜ್ಜ ನಕ್ಕಾನ್ರಿ. ಸೋಡಾ ಅಲ್ಲಂತ, ನವಸಾಗರ ಅಂತಾರಂತ ಇದಕ್ಕ. ನಿಮಗ ತೋರಸು ಅಂದ." ಅವಳ ಮುಖದಲ್ಲಿ ಗೇಲಿಯ ಸುಳಿವೂ ಇರಲಿಲ್ಲ. ತನ್ನಂತೆ ನನಗೂ ಖುಷಿಯಾಗಬಹುದು ಎಂದುಕೊಂಡಿದ್ದಳು. ನನಗೆ ಹೆಚ್ಚು ನಾಚಿಕೆಯಾದದ್ದು ಅದಕ್ಕೇ.

ತರಗತಿಗೆ ಹೋಗಿ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟು, "ನಿನ್ನಿ ನಾ ಹೇಳಿದ್ದು ತಪ್ಪು. ನನಗ ಗೊತ್ತಿರಲಿಲ್ಲ," ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಹಂಗಾರ ಇದೇನಂತ ಹೆಂಗ ಗೊತ್ತ ಮಾಡೋದ್ರಿ?"

ಆ ವರ್ಷ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ನವಸಾಗರ ಎಂಬ ಹೆಸರಿನಿಂದ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಅದು ಅಮೋನಿಯಂ ಕ್ಲೋರೈಡ್ ಆಗಿದ್ದರೆ ಸುಣ್ಣ ಸೇರಿಸಿದಾಗ ಅಮೋನಿಯಾ ಹೊರಡಬೇಕು. ಬಿಸಿಯೂಟ ಮಾಡುವ ಅಕ್ಕನ ಎಲೆಯಡಿಕೆ ಚೀಲದಿಂದ ಚೂರು ಸುಣ್ಣ ತಂದೆವು. ಹಂಚಿನ ತುಂಡಿನ ಮೇಲೆ ಎರಡನ್ನೂ ಹನಿ ನೀರಿನಲ್ಲಿ ಕಲಸಿದಾಗ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

"ಎಮ್ಮಿ ಕಟ್ಟೋ ಜಾಗದಾಗ ಹೊಕ್ಕಂಗ ಆತ್ರಿ," ಎಂದಳು ಒಬ್ಬಳು.

ಅರಿಸಿನ ಹಚ್ಚಿ ಒದ್ದೆ ಮಾಡಿದ ಕಾಗದವನ್ನು ಹಂಚಿಗೆ ತಾಗದಂತೆ ಮೇಲೆ ಹಿಡಿದೆ. ಅದು ನಿಧಾನವಾಗಿ ಕೆಂಪಾಯಿತು. ಸುಣ್ಣ ತಾಗಿದರೆ ಅರಿಸಿನ ಕೆಂಪಾಗುವುದು ಎಲ್ಲರೂ ಮನೆಯಲ್ಲಿ ಕಂಡದ್ದೇ. ಆದರೆ ಇಲ್ಲಿ ಸುಣ್ಣ ತಾಗಿರಲಿಲ್ಲ. ವಾಸನೆಗೂ ಬಣ್ಣ ಬದಲಿಸಲು ಬರುತ್ತದೆಯೇ ಎಂದು ಕೇಳಿದ ಹುಡುಗಿಗೆ, ಗಾಳಿಯಲ್ಲಿ ತೇಲಿಬಂದು ಮೂಗಿಗೆ ತಾಗಿದ ವಸ್ತುವೇ ಕಾಗದಕ್ಕೂ ತಾಗಿದೆ ಎಂದು ವಿವರಿಸುವಷ್ಟರಲ್ಲಿ ಪಾಠದ ಅವಧಿ ಮುಗಿದಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯ ಜೊತೆ ಅವಳ ಮನೆಗೆ ಹೋದೆ. ಅಜ್ಜ ಅಂಗಳದಲ್ಲಿ ಮಠದ ದಾಸೋಹದ ದೊಡ್ಡ ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದರು. ಬಾಜೂಕ್ಕೆ ಮದುವೆ ಮನೆಯೊಂದರ, ಅನ್ನ ಬೇಯಿಸುವ ದೊಡ್ಡ ತಾಮ್ರದ ಡೇಗು ಸರದಿ ಕಾಯುತ್ತಿತ್ತು. ಚಿಟಿಕೆ ನವಸಾಗರ ಉದುರಿಸಿದರು, ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರು. ಮಸುಕಾಗಿದ್ದ ಒಳಮೈ ಅವರ ಕೈ ಹೋದಲ್ಲೆಲ್ಲ ಬೆಳ್ಳಗಾಗುತ್ತ ಬಂತು. ಆ ಪುಡಿಯ ಹೊಗೆ ಲೋಹದ ಮೇಲಿನ ಕೊಳೆಯ ಪೊರೆಯನ್ನು ತೆಗೆಯುತ್ತದೆ, ಹಾಗಾಗಿ ತವರ ಬರೀ ಲೋಹಕ್ಕೇ ತಾಗಿ ಹಿಡಿಯುತ್ತದೆ ಎಂದು ನಾನು ಓದಿಕೊಂಡು ಹೋದದ್ದನ್ನು ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು.

"ಬಾಯಾರ, ನಂದೂ ಒಂದ್ ಕೇಳ್ಲೇನ್ರಿ?"

"ಕೇಳ್ರಿ ಚಾಚಾ."

"ತಾಮ್ರಕ್ಕ ಹಿಡಿತೈತಿ, ಹಿತ್ತಾಳಿಗೆ ಹಿಡಿತೈತಿ. ಜರ್ಮನ್ ಪಾತೇಲಿಗೆ ಯಾಕ ಹಿಡಿಯಂಗಿಲ್ರಿ?"

ನಮ್ಮ ಕಡೆ ಅಲ್ಯುಮಿನಿಯಂಗೆ ಜರ್ಮನ್ ಎಂದೇ ಹೆಸರು. ಅಜ್ಜ ತಮ್ಮ ಹಳೆಯ ಸಂಗತಿ ಹೇಳಿದರು. ಆ ಪಾತ್ರೆಗಳು ಊರಿಗೆ ಹೊಸದಾಗಿ ಬಂದ ಕಾಲ. ಅವರಿಗಿನ್ನೂ ಮೀಸೆ ಚಿಗುರಿರಲಿಲ್ಲ. ತಂದೆ ಊರಲ್ಲಿಲ್ಲದಾಗ ಯಾರೋ ಹಿತ್ತಾಳೆಯವುಗಳ ಜೊತೆ ಒಂದು ಜರ್ಮನ್ ಪಾತೇಲಿಯನ್ನೂ ತಂದಿಟ್ಟು ಹೋದರು. ಇವರು ಧೈರ್ಯ ಮಾಡಿ ಕಾಸಿದರು. ನವಸಾಗರ ಎಷ್ಟು ಹಾಕಿದರೂ ತವರ ಹನಿಹನಿಯಾಗಿ ಹೊರಳಾಡಿತು, ಕೊನೆಗೆ ತಳವೇ ಸೊಟ್ಟಗಾಯಿತು. ತಂದೆಗೂ ಆ ಲೋಹದ ಗುಣ ಗೊತ್ತಿರಲಿಲ್ಲ. ನಿನ್ನ ಕೈಯಲ್ಲಿ ಕಲಾಯಿ ಇಲ್ಲ ಎಂದು ಎರಡು ವರ್ಷ ತವರ ಮುಟ್ಟಗೊಡದೆ ಬರೀ ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತಲು ಕೂರಿಸಿದರಂತೆ.

"ನೋಡಿ ಹೇಳ್ತೇನ್ರಿ," ಎಂದು ಬಂದೆ. ನನ್ನ ಪುಸ್ತಕಗಳಲ್ಲಿ ನೇರ ಉತ್ತರ ಸಿಗಲಿಲ್ಲ.

ಮುಂದಿನ ವಾರ ಹುಕ್ಕೇರಿಯಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಇತ್ತು. ಎಂಟನೇ ತರಗತಿ ಮುಗಿಸುವ ಮಗು ವಿಜ್ಞಾನದಲ್ಲಿ ಏನೇನು ಕಲಿತಿರಬೇಕು ಎಂದು ಪಟ್ಟಿ ಮಾಡಲು ಹೇಳಿದರು. ಜೀವಕೋಶ, ಬಲ, ಬೆಳಕು, ಧ್ವನಿ ಎಂದು ಎಲ್ಲರೂ ಪಾಠಗಳ ಹೆಸರನ್ನೇ ಬರೆದೆವು. ಊಟದ ಹೊತ್ತಿಗೆ ಗೋಕಾಕದ ಹಿರಿಯ ಶಿಕ್ಷಕಿಯೊಬ್ಬರ ಪಕ್ಕ ಕೂತು ಪಾತೇಲಿಯ ಸಂಗತಿ ಕೇಳಿದೆ.

"ಅಲ್ಯುಮಿನಿಯಂಗೂ ಮ್ಯಾಲೆ ಒಂದ್ ಪೊರಿ ಇರತೈತ್ರಿ," ಎಂದರು. "ಬಾಳ ಗಟ್ಟಿ. ಕೆರದು ತಗದ್ರೂ ಗಾಳಿ ತಾಗಿದ್ದ ತಡ ಮತ್ತ ಕಟ್ಟತೈತಿ. ನವಸಾಗರಕ್ಕ ಅದು ಬಗ್ಗಂಗಿಲ್ಲ."

ಅವರು ಹೇಳಿದ್ದು ಇಷ್ಟೇ. ನಾನು ಅನ್ನದ ತಟ್ಟೆ ಬಿಟ್ಟು ಎದ್ದು ಹೋಗಿ ನನ್ನ ಪಟ್ಟಿಗೆ ಒಂದು ಸಾಲು ಸೇರಿಸಿದೆ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಗೊತ್ತುಮಾಡಿಕೊಳ್ಳುವ ದಾರಿ ಹುಡುಕುವುದು. ಮಧ್ಯಾಹ್ನ ತರಬೇತುದಾರರು ಓದಿ, ಇದು ಯಾವ ಪಾಠದಲ್ಲಿ ಬರುತ್ತದೆ ಎಂದು ಕೇಳಿದರು. ಎಲ್ಲದರಲ್ಲೂ ಇರಬಹುದು ಸರ್ ಎಂದೆ. ಅವರು ತಲೆಯಾಡಿಸಿ ಮುಂದಿನವರ ಹಾಳೆ ತೆಗೆದುಕೊಂಡರು. ಪಾಠಗಳು ಬೇಡವೆಂದು ನಾನು ಈಗಲೂ ಹೇಳುವುದಿಲ್ಲ. ಅಮೋನಿಯಂ ಕ್ಲೋರೈಡ್ ಎಂದು ಓದಿರದಿದ್ದರೆ ಸುಣ್ಣ ತರಿಸುವುದು ನನಗೆ ಹೊಳೆಯುತ್ತಲೂ ಇರಲಿಲ್ಲ.

ಆ ಶನಿವಾರ ಮತ್ತೆ ಅಂಗಳದಲ್ಲಿ ಕೂತು ಅಜ್ಜನಿಗೆ ಕಣ್ಣಿಗೆ ಕಾಣದ ಆ ಪೊರೆಯ ಸಂಗತಿ ಹೇಳಿದೆ. ಅವರು ಮಸಿ ಹಿಡಿದ ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಅದನ್ನೇ ನೋಡಿದರು.

"ಹಂಗಾರ ತಪ್ಪು ನನ್ನ ಕೈದಲ್ಲ ಅನ್ರಿ."

"ಅಲ್ರಿ ಚಾಚಾ. ಯಾರ ಮಾಡಿದ್ರೂ ಹಿಡಿತಿರಲಿಲ್ಲ."

"ನಮ್ಮಪ್ಪ ಮಾಡಿದ್ರೂ?"

"ನಿಮ್ಮಪ್ಪ ಮಾಡಿದ್ರೂ ಅಷ್ಟ."

ಅವರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡು, ಹೊಗೆಯನ್ನು ಬೈದು, ಮೊಮ್ಮಗಳಿಗೆ ಚಹಾ ತರಲು ಹೇಳಿದರು. ಅವಳು ತಂದಿಟ್ಟ ಚಹಾ ಅರ್ಧ ಕುಡಿದಿರಲಿಲ್ಲ, ಮತ್ತೆ ಕೇಳಿದರು.

"ಆ ಪೊರಿ ಕಣ್ಣಿಗೆ ಕಾಣಂಗಿಲ್ಲ ಅಂತೀರಿ. ಮತ್ತ ಅದು ಐತಿ ಅಂತ ಮೊದಲ ಕಂಡವರಿಗೆ ಹೆಂಗ ಗೊತ್ತಾತ್ರಿ?"

ಮೊಮ್ಮಗಳು ನನ್ನ ಮುಖ ನೋಡಿದಳು. ನನಗೂ ಗೊತ್ತಿಲ್ಲ, ಸೋಮವಾರ ಎಲ್ಲರೂ ಸೇರಿ ಯೋಚಿಸೋಣ ಎಂದೆ. ಅವಳು ಆಗಲೇ ಪೆನ್ಸಿಲು ಹುಡುಕಲು ಒಳಗೆ ಹೋಗಿದ್ದಳು.