ಇಲ್ಲದ ಚಿಕ್ಕಮ್ಮನ ಕ್ಷೇಮ ಸಮಾಚಾರ

ಫೋನು ಬಂದರೆ "ಯಾರು" ಎಂದು ಕೇಳುವುದು ಪೇಟೆಯವರ ಪದ್ಧತಿ. ನಾವು ಕೇಳುವುದು "ಯಾವೂರಪ್ಪ" ಎಂದು. ಊರು ಗೊತ್ತಾದ ಮೇಲೆ ಯಾರ ಮನೆ, ಆ ಮನೆಗೆ ಹೆಣ್ಣು ಕೊಟ್ಟವರು ಯಾರು, ಅಲ್ಲಿಂದ ತಂದವರು ಯಾರು. ಹೀಗೆ ಕೇಳುತ್ತಾ ಹೋದರೆ ಎಲ್ಲಾದರೂ ಒಂದು ಎಳೆ ಸಿಕ್ಕೇ ಸಿಗುತ್ತದೆ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡಿನವರೆಗೆ ನಮಗೆ ನಂಟರಲ್ಲದವರನ್ನು ಹುಡುಕುವುದೇ ಕಷ್ಟ. ಎಳೆ ಸಿಕ್ಕ ಮೇಲೆ ಮುಚ್ಚಿಡುವುದೇನೂ ಇಲ್ಲ. ನಂಟನೊಬ್ಬ ಕೇಳಿದ್ದನ್ನು ಹೇಳದಿದ್ದರೆ ಅವನಿಗೆ ಮಣೆ ಹಾಕದೆ ನಿಲ್ಲಿಸಿ ಕಳಿಸಿದ ಹಾಗೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಂಟು ಹುಡುಕುವ ವಿದ್ಯೆಯಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ವಿದ್ಯೆಯೇ ನನ್ನ ಸೊಸೆಯ ಕೆಲಸಕ್ಕೆ ಕುತ್ತು ತರುವುದರಲ್ಲಿತ್ತು.

ಸೊಸೆ ಮಂಜುಳಾ ಹಾಸನದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಳು. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಕೆಲಸ ಬಿಡದಿದ್ದರೆ ಮುಂದೆ ಎದ್ದು ನಿಲ್ಲುವುದೂ ಕಷ್ಟ ಎಂದರು ಡಾಕ್ಟರು. ಬಿಟ್ಟು ಮನೆಯಲ್ಲಿ ಕೂತಳು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ದಿನವೆಲ್ಲ ಓಡಾಡಿದರೆ ಏನಾಗುತ್ತದೆಂದು ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಗೂಡ್ಸ್ ಆಟೋದಲ್ಲಿ ತೆಂಗಿನಕಾಯಿ ಸಾಗಿಸುವ ನನ್ನ ಮಗ ಮಾರ್ಕೆಟ್ಟಿನಲ್ಲೇ ಊಟ ಮುಗಿಸಿ ಬರಲು ಕಲಿತ.

ಅಷ್ಟರಲ್ಲಿ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಮಹಡಿಯ ಮೇಲೆ, ಸೈಬರ್ ಸುರಕ್ಷತೆಯ ತರಬೇತಿ ಶುರುವಾಯಿತು. ಓದು ಅರ್ಧಕ್ಕೆ ಬಿಟ್ಟವರಿಗೆ, ಕೆಲಸ ಕಳೆದುಕೊಂಡವರಿಗೆ ಪುಕ್ಕಟೆ. ವಯಸ್ಸು ಕೇಳುವುದಿಲ್ಲ. ಪಾಸಾದವರಿಗೆ ಹಾಸನದ ಸಹಾಯವಾಣಿ ಕಚೇರಿಯೊಂದರಲ್ಲಿ ಕೆಲಸ. ಫೋನಿನಲ್ಲಿ ಮೋಸಹೋದವರು ಕರೆ ಮಾಡುತ್ತಾರೆ, ಮುಂದೇನು ಮಾಡಬೇಕೆಂದು ಅವರಿಗೆ ಹೇಳಬೇಕು. ಬೆನ್ನೊರಗಿ ಕೂರುವ ಕುರ್ಚಿ ಇರುತ್ತದೆ ಎಂದರಂತೆ. ಮಂಜುಳಾ ಆ ಕುರ್ಚಿಗಾಗಿಯೇ ಸೇರಿದಳು. ಪಿಯುಸಿ ಮುಗಿಸಿದವಳಾದರೂ ಕಂಪ್ಯೂಟರ್ ಮುಟ್ಟಿದವಳಲ್ಲ. ಮುಟ್ಟಿದರೆ ಕೆಟ್ಟುಹೋದೀತೆಂಬ ಹೆದರಿಕೆ ಒಂದು ಕಡೆ, ಪಕ್ಕದಲ್ಲಿ ಕೂತ ಹುಡುಗಿಯರು ಆಂಟಿ ಎನ್ನುತ್ತಾರಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಾಗಿತ್ತೆಂದು ನನ್ನ ಅಂದಾಜು.

ಕಲಿತದ್ದನ್ನು ಮೊದಲು ನಮ್ಮ ಮೇಲೆಯೇ ಪ್ರಯೋಗಿಸಿದಳು. ಎಲ್ಲರ ಫೋನು ಕಸಿದುಕೊಂಡು ನೋಡಿದರೆ ನನ್ನದು, ಮಗನದು, ನನ್ನ ವಾರಗಿತ್ತಿಯದು, ಎಲ್ಲದರ ಪಾಸ್‌ವರ್ಡೂ ಮನೆದೇವರ ಹೆಸರು. ದೇವರ ಹೆಸರಿಟ್ಟರೆ ದೇವರೇ ಕಾಯುತ್ತಾನಲ್ಲ ಎಂದೆ. ಆ ದೇವರಿಗೆ ಒಕ್ಕಲಾದವರು ಮೂರು ತಾಲ್ಲೂಕಿನಲ್ಲಿದ್ದಾರೆ, ಎಲ್ಲರ ಬೀಗಕ್ಕೂ ಒಂದೇ ಕೀಲಿಕೈ ಆಯಿತಲ್ಲ ಎಂದಳು. ದೇವರಿಗೆ ಕೈಮುಗಿದು ಹೊಸ ಪಾಸ್‌ವರ್ಡು ಹಾಕಿಸಿಕೊಂಡೆ. ದೇವರೇನೂ ಮುನಿಸಿಕೊಳ್ಳಲಿಲ್ಲ.

ಮೋಸವೇನೂ ಈಗ ಹುಟ್ಟಿದ್ದಲ್ಲ. ನಾನು ಚಿಕ್ಕವಳಿದ್ದಾಗ ಶಕುನ ಹೇಳುವವನೊಬ್ಬ ಬರುತ್ತಿದ್ದ. ಮೇಲಿನ ಬೀದಿಯ ಜಗುಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಾ ಕೆಳಗಿನ ಬೀದಿಯ ಸುದ್ದಿ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಕೆಳಬೀದಿಗೆ ಬಂದು, ತಾಯಿ, ನಿಮ್ಮ ಕೊಟ್ಟಿಗೆಯಲ್ಲಿ ಒಂದು ಹಸು ಗಬ್ಬ ನಿಲ್ಲುತ್ತಿಲ್ಲ ಎನ್ನುತ್ತಿದ್ದ. ಕೆಳಬೀದಿಯವರು ಬೆರಗಾಗಿ ಮೊರದ ತುಂಬ ರಾಗಿ ಸುರಿಯುತ್ತಿದ್ದರು, ಮೇಲಿನ ಬೀದಿಯ ಸುದ್ದಿಯನ್ನೂ ಜೊತೆಗೆ ಸುರಿಯುತ್ತಿದ್ದರು. ಇದನ್ನು ಹೇಳಿದರೆ ಮಂಜುಳಾ ನಕ್ಕಳು. ಇದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆಯಂತೆ, ಕ್ಲಾಸಿನಲ್ಲಿ ಒಂದು ಇಡೀ ಪಾಠವಿದೆಯಂತೆ. ಶಕುನದವನು ಪಾಠವಿಲ್ಲದೆಯೇ ಪಾಸಾಗಿದ್ದ.

ಕೊನೆಯ ಪರೀಕ್ಷೆ ಹೀಗಿತ್ತು. ಪ್ರತಿಯೊಬ್ಬರೂ ತಮ್ಮೂರಿನ ಕೆಲವರಿಗೆ ಪಾಠ ಹೇಳಬೇಕು. ಆಮೇಲೆ ಯಾವತ್ತಾದರೂ ತರಬೇತಿಯವರೇ ಕಳ್ಳರಂತೆ ಫೋನು ಮಾಡುತ್ತಾರೆ. ಮಾಡುತ್ತೇವೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರುತ್ತಾರೆ, ಯಾವತ್ತೆಂದು ಮಾತ್ರ ಹೇಳುವುದಿಲ್ಲ. ಪಾಠ ಕೇಳಿದವರಲ್ಲಿ ಒಬ್ಬರು ಫೋನಿಗೆ ಬಂದ ಓಟಿಪಿ ಕೊಟ್ಟರೂ ಪಾಠ ಹೇಳಿದವರು ಫೇಲು, ಹಾಸನದ ಕುರ್ಚಿ ಬೇರೆಯವರಿಗೆ. ಮಂಜುಳಾ ನಮ್ಮ ಮಹಿಳಾ ಸಂಘದವರನ್ನು ಆರಿಸಿಕೊಂಡಳು. ನನ್ನನ್ನು ಬಿಟ್ಟುಬಿಡುವ ಆಸೆ ಅವಳಿಗಿತ್ತು. ಅಜ್ಜಿ ಬಂದರೆ ಮಾತ್ರ ನಾವೂ ಬರುವುದು ಎಂದು ಸಂಘದವರು ಪಟ್ಟು ಹಿಡಿದರು.

ನನ್ನ ಮೇಲೆ ನಂಬಿಕೆಯಿಲ್ಲದೆ ಮೊದಲೇ ಒಂದು ತಾಲೀಮು ಮಾಡಿಸಿದಳು. ಕ್ಲಾಸಿನ ಹುಡುಗನೊಬ್ಬನಿಂದ ನನಗೆ ಫೋನು ಮಾಡಿಸಿ ಬಾಗಿಲ ಹಿಂದೆ ನಿಂತಳು. ಬ್ಯಾಂಕಿನವನು ಎಂದ. ಯಾವೂರು ಎಂದೆ. ರಾಮನಾಥಪುರ ಎಂದ. ಹೊಗೆಸೊಪ್ಪು ಬೆಳೆಯುವ ಮನೆಯವನಾ ಎಂದೆ. ಹೌದು ಎಂದ. ಹಾಗಾದರೆ ನಮ್ಮ ತಿಮ್ಮಕ್ಕನ ಮೊಮ್ಮಗನಾ ಎಂದೆ. ಅದಕ್ಕೂ ಹೌದು ಎಂದ. ಆಮೇಲೆ ಫೋನಿಗೆ ಬಂದ ನಂಬರು ಓದಿ ಎಂದ. ತಿಮ್ಮಕ್ಕನ ಮೊಮ್ಮಗ ಕೇಳಿದರೆ ಹೇಗೆ ಇಲ್ಲವೆನ್ನಲಿ, ಒಂದೊಂದೇ ಅಂಕಿ ಬಿಡಿಸಿ ಓದಿದೆ. ಊಟಕ್ಕೂ ಕರೆದೆ.

ಮಂಜುಳಾ ಬಂದು ಹೊಸ್ತಿಲ ಹತ್ತಿರ ಕೂತಳು. "ಅತ್ತೆ, ಅವ್ನು ರಾಮನಾಥಪುರ ಅಂದಿದ್ದಷ್ಟೇ. ಮಿಕ್ಕಿದ್ದೆಲ್ಲಾ ನೀವೇ ಹೇಳ್ಕೊಟ್ರಲ್ಲ."

"ನಂಟ್ರು ಅಂದ್ಮೇಲೆ ಇಲ್ಲ ಅನ್ನಕ್ಕಾಯ್ತದಾ ಕಣವ್ವ?"

"ನನ್ ಸೊಂಟ ಈಗ ನಿಮ್ ಕೈಲದೆ, ಅತ್ತೆ."

ಅಳಲಿಲ್ಲ, ಗದರಲಿಲ್ಲ. ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಸಂಘದ ಪಾಠದ ದಿನ ಅವಳು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಸ್ವಲ್ಪ ತಿರುಗಿಸಿದಳು. ಅಪರಿಚಿತರೊಡನೆ ಮಾತೇ ಆಡಬೇಡಿ ಎಂದು ಅಲ್ಲಿ ಹೇಳಿದ್ದರು. ನಮ್ಮವರಿಗೆ ಅದು ಆಗದ ಮಾತೆಂದು ಇವಳಿಗೆ ಗೊತ್ತು. "ಯಾವೂರು ಅಂತ ಕೇಳ್ಬೇಡಿ ಅಂದ್ರೆ ನಿಮ್ಗೆ ಉಸ್ರು ಕಟ್ತದೆ. ಕೇಳಿ. ಆದ್ರೆ ಇರೋರ್ನ ಕೇಳ್ಬೇಡಿ, ಇಲ್ದಿರೋರ್ನ ಕೇಳಿ," ಎಂದಳು. ಇಲ್ಲದವರನ್ನು ಅವನು ಬಲ್ಲೆ ಎಂದರೆ ಫೋನು ಇಡುವುದು. ಗೊತ್ತಿಲ್ಲ ಎಂದರೂ, ನಿಜವಾದ ನಂಟನೇ ಆದರೂ, ಓಟಿಪಿ ಕೊಡಕೂಡದು. ಆ ಮಧ್ಯಾಹ್ನವೆಲ್ಲ ಸಂಘದವರು ಇಲ್ಲದ ನಂಟರನ್ನು ಹುಟ್ಟಿಸುತ್ತಾ ಕೂತರು. ಒಬ್ಬಳು ತನಗೆ ಒಳ್ಳೆಯ ನಾದಿನಿಯನ್ನು ಹುಟ್ಟಿಸಿಕೊಂಡು, ಇದ್ದರೆ ಇಂಥವಳಿರಬೇಕಿತ್ತು ಎಂದು ನಿಟ್ಟುಸಿರುಬಿಟ್ಟಳು. ನಾನು ಅರಕಲಗೂಡಿನಲ್ಲಿ ಪುಟ್ಟನಂಜಮ್ಮ ಎಂಬ ಕಾಲುನೋವಿನ ಚಿಕ್ಕಮ್ಮನನ್ನು ಇಟ್ಟುಕೊಂಡೆ.

ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಫೋನು ಬಂತು. ನಿಮ್ಮ ಪಿಂಚಣಿ ನಿಂತುಹೋಗುತ್ತದೆ ಎಂದಿತು ಒಂದು ಗಂಡುದನಿ. ಯಾವೂರಪ್ಪ ಎಂದೆ. ಅರಕಲಗೂಡು ಕಣಜ್ಜಿ ಎಂದ. ನನ್ನ ಚಿಕ್ಕಮ್ಮನ ಊರೇ.

"ನಮ್ ಪುಟ್ಟನಂಜಮ್ಮ ಹೆಂಗವ್ಳಪ್ಪ? ಕಾಲು ವಾಸಿ ಆಯ್ತಾ?"

"ವಾಸಿ ಆಯ್ತಜ್ಜಿ. ಚೆನ್ನಾಗಿ ಓಡಾಡ್ತಾರೆ. ನಿಮ್ಮನ್ನ ಕೇಳ್ತಿದ್ರು."

"ಹುಟ್ಟೇ ಇಲ್ದಿರೋಳ್ನ ಓಡಾಡ್ಸಿದ್ದೀಯಲ್ಲ, ಭಾಳ ದೊಡ್ಡ ಡಾಕ್ಟ್ರು ಕಣ್ಲಾ ನೀನು," ಎಂದು ಇಟ್ಟುಬಿಟ್ಟೆ.

ಇಟ್ಟು, ಅವರೆಕಾಳು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. ಅವನು ಪರೀಕ್ಷೆಯವನೋ ನಿಜವಾದ ಕಳ್ಳನೋ ತಿಳಿಯಲಿಲ್ಲ. ಪರೀಕ್ಷೆಯವನಲ್ಲದಿದ್ದರೆ ಇನ್ನೊಂದು ಸಲ ಗೆಲ್ಲಬೇಕು. ಅಲ್ಲಿಂದ ಫೋನು ಬಡಿದುಕೊಂಡಾಗಲೆಲ್ಲ ನನ್ನ ಕಣ್ಣು ಮಂಜುಳಾಳ ಸೊಂಟದ ಕಡೆಗೇ ಹೋಗುತ್ತಿತ್ತು.

ಕೊನೆಗೆ ತರಬೇತಿಯವರು ಅವಳಿಗೆ ಫೋನು ಮಾಡಿದರು. ಸಂಘದವರಲ್ಲಿ ಒಬ್ಬರೂ ಓಟಿಪಿ ಬಿಟ್ಟುಕೊಟ್ಟಿಲ್ಲ, ಇವಳು ಪಾಸು. ಪಿಂಚಣಿಯ ನೆಪದಲ್ಲಿ ನನಗೆ ಫೋನು ಮಾಡಿದ್ದವನು ಅವರ ಕಡೆಯವನೇ, ಅವನು ಡಾಕ್ಟರಾದದ್ದಕ್ಕೆ ಕ್ಲಾಸಿನವರೆಲ್ಲ ನಕ್ಕರಂತೆ. ಮಂಜುಳಾ ಫೋನು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ನಾನೂ ಕೂತೆ. ಆವತ್ತು ಸಾರಿಗೆ ಉಪ್ಪು ಹಾಕುವುದು ಇಬ್ಬರಿಗೂ ನೆನಪಾಗಲಿಲ್ಲ. ಮಗ ಕಮಕ್ ಕಿಮಕ್ ಎನ್ನದೆ ಉಂಡ.

ಈಗ ಅವಳು ಬೆಳಿಗ್ಗೆ ಹಾಸನದ ಬಸ್ಸು ಹತ್ತುತ್ತಾಳೆ. ಕುರ್ಚಿ ಚೆನ್ನಾಗಿದೆಯಂತೆ, ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕು ಎಂದು ಯಾರನ್ನೂ ಕೇಳುವುದಿಲ್ಲ. ದಿನವೆಲ್ಲ ಊರೂರಿನವರಿಗೆ ಅದನ್ನು ಒತ್ತಬೇಡಿ, ಇದನ್ನು ನಂಬಬೇಡಿ ಎಂದು ಹೇಳಿ ಹೇಳಿ ಸಂಜೆ ಮನೆಗೆ ಬರುವಾಗ, ನನಗೆ ಹೇಳಲು ಅವಳ ಹತ್ತಿರ ಒಂದು ಚೂರು ಬುದ್ಧಿಮಾತೂ ಉಳಿದಿರುವುದಿಲ್ಲ. ಅತ್ತೆಯಾದವಳಿಗೆ ಇದಕ್ಕಿಂತ ದೊಡ್ಡ ಸುರಕ್ಷತೆ ಇನ್ನೇನು ಬೇಕು.